ಬರಿಬಟ್ಟೆಯ ಶಾರದಮ್ಮ

ನನ್ನ ಹೆಸರು ಶಾರದೆ. ಹೆಸರಿಟ್ಟವರು ಏನೆಂದುಕೊಂಡು ಇಟ್ಟರೋ, ನನಗೆ ಹಾಡು ಹಿಡಿಯುತ್ತಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅಂಥವರು ಅಲ್ಲಿ ಎಷ್ಟೋ ಜನ ಇರುತ್ತಾರಂತೆ, ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲೇ ಕೂತು ತಲೆದೂಗುತ್ತಾರಂತೆ. ನಮ್ಮೂರಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ಮನಸ್ಸಿಗೆ ಹಿಡಿದ ಹಾಡು ಮೈಮೇಲಿನ ಬಟ್ಟೆಗೂ ಹಿಡಿಯುತ್ತದೆ. ಎಲ್ಲರೂ ಕೊಳ್ಳುವುದು ಸೊಸೈಟಿ ಅಂಗಡಿಯ ಅದೇ ಬೂದು ಬಟ್ಟೆಯನ್ನು. ಮನೆಗೆ ತಂದು ಉಟ್ಟಮೇಲೆ ಮಿಕ್ಕಿದ್ದೆಲ್ಲ ಹಾಡಿಗೆ ಬಿಟ್ಟಿದ್ದು.

ಕಛೇರಿ ಸಂಗೀತದವರಿಗೆ ಜರಿಯಂಚಿನ ಪಂಚೆ, ಅವರ ಹೆಂಗಸರಿಗೆ ರೇಷ್ಮೆ ಸೀರೆ. ಆರ್ಕೆಸ್ಟ್ರಾ ಹಾಡಿನವರಿಗೆ ಅಗಲ ಕಾಲರಿನ ಚುಕ್ಕಿ ಅಂಗಿ, ನೆಲ ಗುಡಿಸುವಂಥ ಬೆಲ್‌ಬಾಟಂ ಪ್ಯಾಂಟು. ಭಜನೆಯವರಿಗೆ ಕಾವಿ ಜುಬ್ಬ. ಈ ಮೂರು ಗುಂಪಿನವರು ಬೇರೆ ಬೇರೆ ಬೀದಿಗಳಲ್ಲಿ ಮನೆ ಮಾಡಿಕೊಂಡು, ಹೋಟೆಲಿನಲ್ಲಿ ಬೇರೆ ಬೇರೆ ಮೇಜಿಗೆ ಕೂತು, ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದು, ಪರಸ್ಪರ ಬಹಳ ಗೌರವದಿಂದ ದ್ವೇಷಿಸಿಕೊಂಡು ಬದುಕಿದ್ದರು. ಜಗಳ ಬಂದಾಗ ತೀರ್ಮಾನಕ್ಕೆ ಒಬ್ಬರು ಬೇಕಲ್ಲ, ಯಾವ ಗುಂಪಿಗೂ ಸೇರದವರು? ಹಾಗೆ ಸಿಕ್ಕವಳು ನಾನು. ಊರಿನಲ್ಲಿ ಬರಿಬಟ್ಟೆಯಲ್ಲಿದ್ದವಳು ನಾನೊಬ್ಬಳೇ. ಹಸುಗೂಸುಗಳನ್ನು ಬಿಟ್ಟರೆ ನನ್ನಷ್ಟು ಬೂದಾಗಿ ಯಾರೂ ಇರಲಿಲ್ಲ. ನೀರಿನ ಟ್ಯಾಂಕಿನ ಕೆಳಗಿನ ಕಟ್ಟೆಯ ಮೇಲೆ ಕೂತು ನಾನು ಹೇಳಿದ್ದೇ ಉಡುಪಿನ ಪಂಚಾಯ್ತಿಯ ತೀರ್ಪು. ಜನ ನನ್ನ ಸಂಯಮವನ್ನು ಹೊಗಳುತ್ತಿದ್ದರು. ಕಿವಿ ಮಂದವಾಗಿದ್ದರೆ ಅದಕ್ಕೆ ಸಂಯಮ ಅನ್ನುತ್ತಾರೆಂದು ತಿಳಿದು ನಾನೂ ಸುಮ್ಮನೆ ಹೊಗಳಿಸಿಕೊಳ್ಳುತ್ತಿದ್ದೆ.

ಈ ಹೊಗಳಿಕೆ ಹಿಡಿಸದವರು ಒಬ್ಬರೇ, ನನ್ನ ಗಂಡ ನಂಜುಂಡಯ್ಯ. ನಮ್ಮವರು ಆರ್ಕೆಸ್ಟ್ರಾದವರು, ತಲೆಯಿಂದ ಕಾಲಿನವರೆಗೆ ಚುಕ್ಕಿ. ಮದುವೆಯಾದ ವಾರದಲ್ಲೇ ರೇಡಿಯೋ ತಂದು ಅಡುಗೆಮನೆಯ ಗೂಡಿನಲ್ಲಿಟ್ಟರು. ಒಂದು ಒಳ್ಳೆಯ ಹಾಡು ಬಂತೆಂದರೆ ಶಬ್ದ ಜಾಸ್ತಿ ಮಾಡಿ, ಬಾಗಿಲಿಗೆ ಒರಗಿ, ಹಾಡನ್ನಲ್ಲ, ನನ್ನ ಸೀರೆಯನ್ನೇ ನೋಡುತ್ತಿದ್ದರು. ಸೀರೆ ಬೂದಾಗಿಯೇ ಇರುತ್ತಿತ್ತು. "ಇರ್ಲಿ ಬಿಡು, ಇದು ಅಷ್ಟು ಚೆನ್ನಾಗಿಲ್ಲ," ಎಂದು ತಾವೇ ಹಾಡಿನ ಮೇಲೆ ತಪ್ಪು ಹಾಕಿ ಹೊರಟುಹೋಗುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು. ನನಗೂ ಅಭ್ಯಾಸವಾಗಿತ್ತು.

ಒಂದು ಬೆಳಿಗ್ಗೆ ಕಛೇರಿ ಬೀದಿಯ ವರದಾಚಾರ್ರು ಮನೆಗೆ ಬಂದರು. ಅವರ ಮನೆತನದ ಜರಿಯಂಚು ನಾಲ್ಕು ಬೆರಳು ಅಗಲ. ಅದಕ್ಕಿಂತ ಕಡಿಮೆ ಅಂಚಿನವರನ್ನು ಅವರು ಜಗುಲಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಅಂಥವರು ಅವತ್ತು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಶಾರದಮ್ಮನವರೇ, ನೆನ್ನೆ ದ್ವಾದಶಿ ಪಾರಣೆ. ದೊಡ್ಡದೊಡ್ಡವರೆಲ್ಲ ಎಲೆ ಮುಂದೆ ಕೂತಿದ್ದಾರೆ. ನಮ್ಮ ಸೊಸೆ ತುಪ್ಪ ಬಡಿಸೋಕೆ ಬಂದಳು. ಒಳಗಿಂದ ಬರುವಾಗ ರೇಷ್ಮೆ ಸೀರೆ. ಮೂರನೇ ಎಲೆ ಹತ್ತಿರ ಬರೋ ಹೊತ್ತಿಗೆ ಮೈ ತುಂಬ ಮೊಳೆ!"

"ಯಾರು, ವೈಜಯಂತಿನಾ? ಏನಾದ್ರೂ ಗುನುಗ್ತಿದ್ಲಾ?"

"ಬಾಯೇ ತೆಗೆದಿರಲಿಲ್ಲ. ಸುಮ್ಮನೆ ನೆನಪಾಯ್ತಂತೆ!"

"ನಿಮ್ಮ ಮಗ ಏನಂತಾರೆ?"

"ಅವನಿಗೆ ಹಾಗೇ ಚೆನ್ನಾಗಿ ಕಾಣ್ತಾಳಂತೆ. ನನಗೆ ಭಯ ಆಗಿರೋದೇ ಅದಕ್ಕೆ."

ಮೊಳೆ ಎಲ್ಲಿಂದ ಬಂತೆಂದು ಊರಿಗೆಲ್ಲ ಗೊತ್ತಿತ್ತು. ಊರಾಚೆಯ ಹಳೇ ಅಕ್ಕಿ ಗಿರಣಿಯಲ್ಲಿ ಒಂದಷ್ಟು ಹುಡುಗ ಹುಡುಗಿಯರು ಸೇರಿ ಗಿಟಾರು, ಡ್ರಮ್ಮು ಇಟ್ಟುಕೊಂಡು ಗುಡುಗಿನಂಥದ್ದು ಏನನ್ನೋ ಬಾರಿಸುತ್ತಿದ್ದರು. ಊರು ಅದಕ್ಕೆ ಗುಡುಗು ಎಂದೇ ಹೆಸರಿಟ್ಟಿತ್ತು. ಅದು ಹಿಡಿದವರಿಗೆ ಕಪ್ಪು ಬನಿಯನ್ನು, ಕಬ್ಬಿಣದ ಮೊಳೆ ಹೊಡೆದ ತೊಗಲಿನ ಜಾಕೀಟು, ಮಂಡಿಯಲ್ಲಿ ಹರಿದ ಪ್ಯಾಂಟು. ಗಿರಣಿಗೆ ಬೀಗ ಹಾಕಿಸಬೇಕು, ಸೊಸೆಯ ಮೈಮೇಲೆ ಜರಿ ವಾಪಸು ಬರುವ ತನಕ ಅವಳನ್ನು ತೌರುಮನೆಗೆ ಕಳಿಸಲು ಪಂಚಾಯ್ತಿ ಒಪ್ಪಬೇಕು. ಇವೆರಡು ಆಚಾರ್ರ ದೂರು. ನೋಡಿ ಬಂದು ಹೇಳುತ್ತೇನೆ ಎಂದೆ. ಹೊಸ ಹಾಡಿನ ಹತ್ತಿರ ಹೋಗಿ, ಉಟ್ಟು ಹೋದ ಬಟ್ಟೆಯಲ್ಲೇ ವಾಪಸು ಬರುವ ಧೈರ್ಯ ಊರಿನಲ್ಲಿ ನನ್ನೊಬ್ಬಳಿಗೇ ಇದ್ದದ್ದು.

ಗಿರಣಿಯ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಗಿರಣಿ ಯಜಮಾನರ ಮಗಳು, ಈ ಗುಂಪನ್ನು ಕಟ್ಟಿದವಳು. ಒಳಗೆ ಹೋಗುವ ಒಬ್ಬೊಬ್ಬರ ಭುಜದ ಮೊಳೆಯನ್ನೂ ಬೆರಳಿನಿಂದ ಒತ್ತಿ ನೋಡಿ ಬಿಡುತ್ತಿದ್ದಳು.

"ಬನ್ನಿ ಶಾರದಮ್ಮ. ನಾವು ಇಲ್ಲಿಗೆ ಬಂದಿರೋದು ಯಾರ ಥರಾನೂ ಇರಬಾರದು ಅಂತ."

ಅವಳ ಹಿಂದೆ ಒಳಗೆ ಸಾಲಾಗಿ ನಿಂತವರನ್ನು ನೋಡಿದೆ. ಹಿಂದಿನಿಂದ ಕರೆದರೆ ಯಾರ ಹೆಸರು ಹಿಡಿದು ಕರೆಯಬೇಕೋ ಗೊತ್ತಾಗದಷ್ಟು ಒಂದೇ ಥರ ಇದ್ದರು.

"ಎಲ್ಲರೂ ಒಂದೇ ಥರ ಇದೀರಲ್ಲಮ್ಮ?"

"ಮತ್ತೆ? ಇಲ್ದಿದ್ರೆ ನಾವು ಯಾರ ಥರಾನೂ ಇಲ್ಲ ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?" ಎಂದಳು ಕಸ್ತೂರಿ. ತಮಾಷೆಗೆ ಹೇಳಿದ್ದಲ್ಲ. ಆಮೇಲೆ ದನಿ ತಗ್ಗಿಸಿ, "ನೀವು ಬಂದಿದ್ದು ಒಳ್ಳೇದೇ ಆಯ್ತು. ನಮ್ಮದೂ ಒಂದು ದೂರಿದೆ," ಎಂದು ಡ್ರಮ್ಮಿನ ಹಿಂದೆ ಕೂತಿದ್ದವನನ್ನು ಕರೆದಳು.

ಅವನು ಚಿನ್ನಸ್ವಾಮಿ. ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು ರಿಪೇರಿ ಮಾಡುವವನು, ಮದುವೆಯಾಗಿ ಎರಡು ಮಕ್ಕಳಿದ್ದವನು. ಮೈಮೇಲೆ ಕಪ್ಪು ಜಾಕೀಟು, ಮೊಳೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಜಾಕೀಟಿನ ಕೆಳಗಿನ ಅಂಚಿನಲ್ಲಿ ಮಾತ್ರ ಮಾಸಲು ಕೆಂಪಿನ ಚೌಕಳಿ ಪಟ್ಟಿಯೊಂದು ಹೊಲಿದ ಹಾಗೆ ಕೂತಿತ್ತು.

"ಇದು ಯಾರ ಗುಂಪಿಂದಪ್ಪ?" ಎಂದೆ.

"ಯಾರದ್ದೂ ಅಲ್ಲ ಅಕ್ಕ. ನಮ್ಮವ್ವ ರಾಗಿ ಬೀಸ್ತಾ ಹೇಳ್ತಿದ್ದ ಪದ. ಬಾರಿಸ್ವಾಗ ತಾನಾಗೇ ಬಂದ್ಬಿಡ್ತದೆ. ಅದನ್ನ ಹಾಡು ಅಂತ ಈ ಊರಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ನಾನೂ ಇಟ್ಟಿರ್ಲಿಲ್ಲ."

"ಇವನು ಅರ್ಧ," ಎಂದಳು ಕಸ್ತೂರಿ. "ಅರ್ಧದವರನ್ನ ನಾವು ಇಟ್ಕೊಳಲ್ಲ. ನಾವು ಹೊರಗೆ ಹಾಕಿದ್ರೆ ಜಗಳ ಆಗುತ್ತೆ, ನೀವೇ ಹಾಕಿ."

ವರದಾಚಾರ್ರನ್ನೂ ಕಸ್ತೂರಿಯನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರೆ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಾರಲ್ಲ ಎಂದು ಅನ್ನಿಸಿತು. ಇಬ್ಬರ ಚಿಂತೆಯೂ ಅಂಚಿನದೇ.

ಮೊದಲು ನಿಮ್ಮ ಹಾಡು ಕೇಳಿಸಿ ಎಂದೆ. ಬಾರಿಸಿದರು. ಗಿರಣಿಯ ತಗಡು ಅದುರಿತು, ನನ್ನ ಹಲ್ಲು ಅದುರಿತು, ಸೀರೆ ಮಾತ್ರ ಅಲುಗಲಿಲ್ಲ. ಕಸ್ತೂರಿಗೆ ಸ್ವಲ್ಪ ಅವಮಾನವಾಗಿರಬೇಕು. ಟೀ ಕುಡಿದು ಬಂದು ಇನ್ನೂ ಜೋರಾಗಿ ಬಾರಿಸುತ್ತೇವೆ ಎಂದು ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋದಳು. ಚಿನ್ನಸ್ವಾಮಿಯನ್ನು ಯಾರೂ ಟೀಗೆ ಕರೆಯಲಿಲ್ಲ.

ಅವನು ಡ್ರಮ್ಮಿನ ಮುಂದೆ ತಲೆ ತಗ್ಗಿಸಿ ಕೂತೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಕೋಲು ಕೆಳಗಿಟ್ಟು ಅಂಗೈಯಲ್ಲಿ ತಟ್ಟತೊಡಗಿದ. ಬಾಯಲ್ಲಿ ಬೀಸುವ ಪದ, ಅರ್ಧ ನುಂಗಿದ್ದು, ಅರ್ಧ ಹೇಳಿದ್ದು. ಕೈ ಬೀಸುವ ಕಲ್ಲು ತಿರುಗಿದ ಹಾಗೆ ನಿಧಾನಕ್ಕೆ ಸುತ್ತುತ್ತಿತ್ತು, ಕಾಲಲ್ಲಿ ಒತ್ತುವ ದೊಡ್ಡ ಡ್ರಮ್ಮಿನಲ್ಲಿ ಮಾತ್ರ ಗುಡುಗು. ಬೇಸರಕ್ಕೆ ಬಾರಿಸುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಯಾರಿಗಾದರೂ ಕೇಳಿಸಲಿ ಎಂದಲ್ಲ. ನಾನು ಗೋಡೆಗೆ ಒರಗಿ ಎಳ್ಳಷ್ಟೂ ಗಮನವಿಲ್ಲದೆ ನಿಂತಿದ್ದೆ. ಮೊದಲು ಕಾಲಿನ ಹೆಬ್ಬೆರಳು ತನ್ನಷ್ಟಕ್ಕೆ ನೆಲ ತಟ್ಟಿತು. ಯಾಕೆ ತಟ್ಟುತ್ತಿದೆ ಎಂದು ಬಗ್ಗಿ ನೋಡಿದರೆ ನಿರಿಗೆಯ ಮೇಲೆ ಕೆಂಪು ಚೌಕಳಿ ಹತ್ತಿ ಬರುತ್ತಿದೆ. ಸೆರಗಿನ ಅಂಚಿಗೆ ಸಾಲಾಗಿ ಮೊಳೆ ಮೂಡಿ ಕಿಣಿಕಿಣಿ ಅನ್ನುತ್ತಿವೆ. ಕುಪ್ಪಸದ ಎಡತೋಳು ಕಪ್ಪು ತೊಗಲು, ಬಲತೋಳು ಹಸಿರು ಖಣ. ಯಾವ ಗುಂಪಿನಲ್ಲೂ ನಾನು ಅಂಥದ್ದನ್ನು ಕಂಡಿರಲಿಲ್ಲ.

ಚಿನ್ನಸ್ವಾಮಿ ತಲೆ ಎತ್ತಿದ. "ಅಕ್ಕಾ..."

"ಬಾರಿಸೋದು ನಿಲ್ಲಿಸು!"

"ಆಗ್ಲೇ ನಿಲ್ಲಿಸಿದೆನಲ್ಲ."

ಸೀರೆ ಹಾಗೇ ಇತ್ತು. ನನಗೆ ಅಳು ಬರುವ ಹಾಗಾಯಿತು. ಹೆದರಿಕೆಯ ಅಳು ಎಂದು ಆಗ ಅಂದುಕೊಂಡೆ.

"ಹಾಗಾದ್ರೆ ಇನ್ನೊಂದು ಸಲ ಬಾರಿಸು," ಎಂದೆ.

ಹಿತ್ತಲ ದಾರಿಯಲ್ಲಿ ಮನೆಗೆ ಬಂದೆ. ನಮ್ಮವರು ಹಿತ್ತಲ ಕಟ್ಟೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಮಡಿಲಿನ ಬಟಾಣಿಯೆಲ್ಲ ಉರುಳಿಹೋಯಿತು. ಅವರ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷ. ಅದನ್ನು ನಾನು ಕಂಡೆ, ಕಂಡದ್ದರಿಂದಲೇ ಮುಂದಿನದು ಇನ್ನೂ ಕಷ್ಟವಾಯಿತು.

"ಹಿಡೀತಾ? ಯಾವ ಹಾಡು? ರೇಡಿಯೋದಲ್ಲಿ ಬಂತಾ?"

"ಇಲ್ಲ ರೀ. ಗಿರಣೀಲಿ. ಬೀಸೋ ಪದ, ಆಮೇಲೆ ಗುಡುಗು. ಎರಡೂ ಸೇರಿ."

ಅವರು ನನ್ನ ಎರಡು ತೋಳನ್ನೂ ಒಂದೊಂದಾಗಿ ನೋಡಿದರು. ಒಂದು ಚುಕ್ಕಿಯಾದರೂ ಇದೆಯೇನೋ ಎಂದು ಸೆರಗಿನ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಇರಲಿಲ್ಲ.

"ನಿನ್ನ ಕಿವಿನೇ ಹಾಗೆ ಅಂತ ಸಮಾಧಾನವಾಗಿದ್ದೆ ಶಾರದ," ಎಂದರು. "ಇಷ್ಟು ದಿನ ಆ ಸಮಾಧಾನ ಒಂದಿತ್ತು."

ಒಳಗೆ ಹೋಗಿ ಗೂಡಿನ ರೇಡಿಯೋ ಇಳಿಸಿ ಮಂಚದ ಕೆಳಗೆ ತಳ್ಳಿದರು. ಆ ಸಂಜೆ ಗೋಡೆ ಕಡೆಗೆ ತಿರುಗಿ ಕೂತು ಉಂಡರು. ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ, ಅದನ್ನೂ ಹೇಳಲಿಲ್ಲ.

ಮೈಗೆ ಹುಷಾರಿಲ್ಲ ಎಂದು ಹೇಳಿಸಿ ನಾನು ಮನೆಯಿಂದ ಆಚೆ ಬರಲಿಲ್ಲ. ಹಾಡನ್ನು ಮರೆತರೆ ಸೀರೆ ಬೂದಾಗುತ್ತದೆ ಎಂದು ಮರೆಯಲು ಬಹಳ ಪ್ರಯತ್ನಪಟ್ಟೆ. ಮರೆಯಬೇಕು ಎಂದುಕೊಂಡಾಗಲೆಲ್ಲ ಹೆಬ್ಬೆರಳು ನೆಲ ತಟ್ಟುತ್ತಿತ್ತು. ಮೇಲೆ ಕಂಬಳಿ ಹೊದ್ದುಕೊಂಡರೆ ಕಂಬಳಿಗೂ ಮೊಳೆ. ಪಂಚಾಯ್ತಿಯ ಸ್ಥಾನ ಹೋಗುತ್ತದೆ, ಹೋಗಲಿ. ಇಷ್ಟು ವರ್ಷ ಯಾರ್ಯಾರ ಅಂಚಿಗೆಲ್ಲ ನಾನು ತೀರ್ಪು ಕೊಟ್ಟಿದ್ದೆನೋ ಅವರ ಮುಂದೆಲ್ಲ ಈ ತೋಳುಗಳನ್ನು ಹೊತ್ತು ಹೇಗೆ ಓಡಾಡುವುದು ಎನ್ನುವುದೇ ನನ್ನ ಚಿಂತೆಯಾಗಿತ್ತು.

ಒಂದು ಮಧ್ಯಾಹ್ನ ನಮ್ಮವರು ಹೊರಗಿಂದ ಬಂದು ನನ್ನ ಮಂಚದ ಹತ್ತಿರ ನಿಂತರು. "ನಿನ್ನ ಮೇಲೆ ಇನ್ನೂ ಕೋಪ ಹೋಗಿಲ್ಲ," ಎಂದು ಶುರುಮಾಡಿದರು. "ಆದ್ರೆ ಆ ಆಚಾರ್ರ ಸೊಸೆ ಬಸ್‌ಸ್ಟ್ಯಾಂಡಲ್ಲಿ ಪೆಟ್ಟಿಗೆ ಮೇಲೆ ಕೂತಿದಾಳೆ. ನೀನು ತೀರ್ಪು ಕೊಡೋದು ತಡ ಆಯ್ತು ಅಂತ ಅವರೇ ಕಳಿಸ್ತಿದಾರೆ. ಗಂಡ ಅನ್ನೋನು ಪಕ್ಕದಲ್ಲಿ ನಿಂತ್ಕೊಂಡು ಬಸ್ಸಿನ ಬೋರ್ಡು ಓದ್ತಿದಾನೆ. ಹೇಳ್ಬೇಕು ಅನ್ನಿಸ್ತು, ಹೇಳಿದೆ."

ಎದ್ದೆ. ಇದ್ದ ಹಾಗೇ ಮುಂಬಾಗಿಲಿನಿಂದ ಹೊರಟೆ. ಪೇಟೆ ಬೀದಿಯಲ್ಲಿ ನನ್ನ ಸೆರಗಿನ ಮೊಳೆಗಳು ಕಿಣಿಗುಟ್ಟುವುದು ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರೊಬ್ಬರು ಸೋಪಿನ ಸಮೇತ ಆಚೆ ಬಂದು ನೋಡಿದರು. ನಮ್ಮವರು ನಾಲ್ಕು ಮಾರು ಹಿಂದೆ ಬರುತ್ತಿದ್ದರು, ನನ್ನ ಜೊತೆಯಲ್ಲಿ ಬರುತ್ತಿಲ್ಲ, ಆದರೆ ಬರುತ್ತಿದ್ದೇನೆ ಅನ್ನುವ ಹಾಗೆ.

ಬಸ್‌ಸ್ಟ್ಯಾಂಡಿನಲ್ಲಿ ವೈಜಯಂತಿ ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಏಳಮ್ಮ," ಎಂದು ಪೆಟ್ಟಿಗೆಯ ಒಂದು ಕಡೆ ಹಿಡಿದೆ. ಇನ್ನೊಂದು ಕಡೆಯನ್ನು ಅವಳ ಗಂಡ, ಬೋರ್ಡು ಓದುವುದು ಮುಗಿದಿತ್ತೇನೋ, ಬಂದು ಹಿಡಿದ.

ಟ್ಯಾಂಕಿನ ಕಟ್ಟೆಯ ಹತ್ತಿರ ಊರೇ ಸೇರಿತು. ಆಚಾರ್ರ ಮುಖ ಕೆಂಪಾಗಿತ್ತು.

"ಇದೇನು ವೇಷ ಶಾರದಮ್ಮನವರೇ? ಇದು ಯಾವ ಗುಂಪು?"

"ಗೊತ್ತಿಲ್ಲ ಆಚಾರ್ರೇ. ನನಗೆ ಹಾಡು ಹಿಡಿದಿದೆ. ಇನ್ನು ಮೇಲೆ ನಾನು ಈ ಕಟ್ಟೆ ಮೇಲೆ ಕೂರೋ ಹಾಗಿಲ್ಲ."

"ಹಾಗಾದ್ರೆ ನಮ್ಮ ದೂರು?"

"ನೀವೇ ಮುಂದೆ ನಿಂತು ಮಾಡಿಸಿದ ನಿಯಮ. ಬರಿಬಟ್ಟೆಯವರು ತೀರ್ಪು ಕೊಡದೆ ಊರಲ್ಲಿ ಯಾರಿಗೂ ಬೀಗ ಹಾಕೋ ಹಾಗಿಲ್ಲ, ಯಾರನ್ನೂ ಆಚೆ ಹಾಕೋ ಹಾಗಿಲ್ಲ. ಬರಿಬಟ್ಟೆಯವರು ಸಿಗೋ ತನಕ ಇದ್ದದ್ದು ಇದ್ದ ಹಾಗೇ ಇರಬೇಕು. ಸೊಸೆನ ಮನೆಗೆ ಕರ್ಕೊಂಡು ಹೋಗಿ."

ಆಚಾರ್ರು ಪೆಟ್ಟಿಗೆಯನ್ನು ಮನೆಗೆ ಒಯ್ಯುವಂತೆ ಮಗನಿಗೆ ಸನ್ನೆ ಮಾಡಿದರು. ನಿಯಮ ಅಂದರೆ ಅವರಿಗೆ ಪ್ರಾಣ. ನಾಲ್ಕು ಜನರೆದುರು ನೆನಪಿಸಿದ ಮೇಲೆ, ಅದು ತಮ್ಮ ಮೇಲೇ ಬಿದ್ದರೂ ಮುರಿಯುವವರಲ್ಲ. ಗುಂಪಿನ ಹಿಂದಿನಿಂದ ಕಸ್ತೂರಿ, "ಅರ್ಧದವರನ್ನ ನಾವೂ ಆಚೆ ಹಾಕೋ ಹಾಗಿಲ್ವಾ?" ಎಂದು ಕೂಗಿದಳು. ಹಾಗಿಲ್ಲ ಎಂದೆ. ಚಿನ್ನಸ್ವಾಮಿ ಅವಳ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ. ತೀರ್ಪು ಕೊಡುವ ಅಧಿಕಾರ ಇದ್ದಷ್ಟು ದಿನ, ಕೊಡಲಾರದೆ ಹೋದ ಈ ತೀರ್ಪಿನಷ್ಟು ಒಳ್ಳೆಯದನ್ನು ನಾನು ಒಂದೂ ಕೊಟ್ಟಿರಲಿಲ್ಲ.

ಬೇರೆ ಬರಿಬಟ್ಟೆಯವರಿಗಾಗಿ ಊರೆಲ್ಲ ಹುಡುಕಿದರು. ಕೊನೆಗೆ ಹುಟ್ಟಾ ಕಿವುಡರೇ ಇರಬೇಕೆಂದು ತಿಳಿದು ಕೆರೆಬೀದಿಯ ಮುದುಕರೊಬ್ಬರನ್ನು ಕಂಬಳಿ ಸರಿಸಿ ನೋಡಿದರೆ, ಮೈಮೇಲೆ ಕಂಪನಿ ನಾಟಕದ ರಾಜನ ಮಖಮಲ್ ಕೋಟು. ಕಿವಿ ಹೋದದ್ದು ಈಚೆಗಂತೆ. ಒಳಗೆ ಇನ್ನೂ ರಂಗಗೀತೆ ನಡೆದೇ ಇತ್ತು.

ಈ ನಡುವೆ ಗಿರಣಿಯಲ್ಲಿ ಚಿನ್ನಸ್ವಾಮಿಯನ್ನು ತೆಗೆಯುವಂತಿಲ್ಲದ್ದರಿಂದ ಅವನು ಬಾರಿಸಿದ್ದನ್ನು ಕೇಳುವುದು ಅವರಿಗೆ ಅನಿವಾರ್ಯವಾಯಿತು. ಕೇಳುತ್ತ ಕೇಳುತ್ತ ಒಬ್ಬೊಬ್ಬರಿಗೇ ಹಿಡಿಯಿತು. ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ನನ್ನ ಹಾಗೆಯೇ ಒಂದು ತೋಳು ಕಪ್ಪು, ಒಂದು ತೋಳು ಖಣದ ಕುಪ್ಪಸದಲ್ಲಿ ಹಾಲಿನ ಡೈರಿಗೆ ಬಂದಳು. ಮಾರನೆಯ ದಿನ ಅವಳಂಥವರು ಇನ್ನಷ್ಟು. ಹುಡುಗರಿಗೂ ಅಂಗಿಯ ಒಂದು ತೋಳು ಖಣವಾಯಿತು. ಜನ ಅವರನ್ನು ತೋಳಿನವರು ಎಂದು ಕರೆದರು. ಹೋಟೆಲಿನಲ್ಲಿ ಹೊಸ ಮೇಜು ಬಂತು. ವೈಜಯಂತಿಗೂ ಅದೇ ಹಿಡಿಯಿತು. ಆಚಾರ್ರು ಮೊದಲು ಬೇಸರಪಟ್ಟುಕೊಂಡರು. ಆಮೇಲೆ ಆ ಗುಂಪಿಗೆ ನಿಯಮಾವಳಿಯೇ ಇಲ್ಲ ಎಂದು ತಿಳಿದಾಗ ಅವರಿಗೆ ಅದಕ್ಕಿಂತ ಹೆಚ್ಚು ಬೇಸರವಾಯಿತಂತೆ.

ನಮ್ಮ ಮನೆಯಲ್ಲಿ ಮಾತು ನಿಧಾನಕ್ಕೆ ಮರಳಿತು. ನಮ್ಮವರು ಒಂದು ದಿನ, "ನಿನಗೆ ಹಿಡಿದದ್ದು ಏನು ಅಂತ ನಾನೂ ಒಂದ್ಸಲ ಕೇಳ್ಬೇಕು," ಎಂದರು. ತಮಗೆ ಹಿಡಿಯದಿದ್ದರೂ ಪರವಾಗಿಲ್ಲ ಎಂದೂ ಸೇರಿಸಿದರು. ಭಾನುವಾರ ಸಂಜೆ ಇಬ್ಬರೂ ಗಿರಣಿಗೆ ಹೋದೆವು.

ಗಿರಣಿಗೆ ಹೊಸ ಬಣ್ಣ ಬಳಿದಿದ್ದರು. ಬಾಗಿಲಲ್ಲಿ ವೈಜಯಂತಿ ನಿಂತಿದ್ದಳು, ಬರುವವರ ತೋಳುಗಳನ್ನು ನೋಡಿ ಒಳಗೆ ಬಿಡುತ್ತಿದ್ದಳು. ನನ್ನನ್ನು ಕಂಡು ಸಂಭ್ರಮದಿಂದ ಮುಂದೆ ಬಂದವಳು ನನ್ನ ಕುಪ್ಪಸ ನೋಡಿ ಅಲ್ಲೇ ನಿಂತಳು. ನನ್ನ ಕಪ್ಪು ತೋಳು ಆ ವಾರ ಬಲಕ್ಕೆ ಹೊರಳಿತ್ತು. ಯಾಕೋ ಏನೋ, ಆಗಾಗ ಹಾಗಾಗುತ್ತಿತ್ತು.

"ಶಾರದಕ್ಕ, ಬೇಜಾರು ಮಾಡ್ಕೋಬೇಡಿ. ಎಡತೋಳೇ ಕಪ್ಪಿರಬೇಕು."

"ಯಾರು ಹೇಳಿದ್ದು?"

"ನಿಯಮ ಅಕ್ಕ. ಕಸ್ತೂರಿ ಮಾಡಿದ್ದು. ನಮ್ಮ ಮಾವನವರೇ ಕೂತು ತಿದ್ದಿಕೊಟ್ರು." ಅವಳ ದನಿಯಲ್ಲಿ ಮಾವನ ಬಗ್ಗೆ ಹೆಮ್ಮೆಯಿತ್ತು. "ಮೊದಲು ಯಾರದ್ದೋ ಮೈಮೇಲೆ ಹೀಗೆ ಬಂತಂತಲ್ಲ, ಅವರದ್ದು ಎಡ ಇತ್ತಂತೆ."

"ಅದು ನಾನೇ ಕಣಮ್ಮ."

"ಗೊತ್ತು ಅಕ್ಕ. ಆದ್ರೆ ಈಗ ನಿಮ್ಮದು ಬಲ ಇದೆಯಲ್ಲ."

"ಚಿನ್ನಸ್ವಾಮಿನ ಕರಿ."

"ಅವನು ಬರೋದು ಬಿಟ್ಟ. ಒಂದೇ ಥರ ದಿನಾ ಬಾರಿಸೋಕೆ ಆಗಲ್ಲ ಅಂದ. ಈಗ ಕಲಿತವರು ಬಾರಿಸ್ತಾರೆ, ಅವನಿಗಿಂತ ಸರಿಯಾಗಿ."

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಟವೆಲ್ಲು ಒತ್ತಿಕೊಂಡು ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಗೋಡೆಯ ಆಚೆಯಿಂದ ಹಾಡು ಶುರುವಾಯಿತು. ಬೀಸುವ ಪದ, ಕೆಳಗೆ ಗುಡುಗು. ಪ್ರತಿ ಪೆಟ್ಟೂ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಎಲ್ಲರೂ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಟ್ಟರು. ಒಂದು ತಪ್ಪೂ ಇರಲಿಲ್ಲ. ನನ್ನ ಹೆಬ್ಬೆರಳು ಸುಮ್ಮನಿತ್ತು.

"ಶಾರದ," ಎಂದರು ನಮ್ಮವರು ಮೆಲ್ಲಗೆ, "ನಿನ್ನ ಸೀರೆ."

ಸೆರಗಿನ ಮೊಳೆಗಳು ಒಂದೊಂದೇ ಮಂಕಾಗುತ್ತಿದ್ದವು. ಚೌಕಳಿ ಮಾಸಿತು, ಖಣ ಮಾಸಿತು. ನೋಡುತ್ತಿದ್ದ ಹಾಗೆ ಮಡಿಲಿನ ಕಡೆಯಿಂದ ಬೂದು ಹತ್ತಿ ಬಂತು. ಅಳುತ್ತಾ ಕೂರಲು ಪುರುಸೊತ್ತಿರಲಿಲ್ಲ, ಯಾಕೆಂದರೆ ಬಾಗಿಲಿನಲ್ಲಿ ವೈಜಯಂತಿ ಇನ್ನೂ ಇದ್ದಳು.

"ಏಳಿ, ಏಳಿ. ಯಾರಾದ್ರೂ ನೋಡಿದ್ರೆ ನಾಳೆನೇ ಕಟ್ಟೆ ಮೇಲೆ ಕೂರಿಸ್ತಾರೆ. ಎಲ್ಲಾ ದೂರೂ ಮತ್ತೆ ಎದ್ದು ಬರುತ್ತೆ."

ಹಿತ್ತಲ ದಾರಿ ಹಿಡಿದೆವು. "ಏನಾದ್ರೂ ಹಾಡಿ, ಬೇಗ," ಎಂದೆ. ಜೀವಮಾನವಿಡೀ ನನ್ನ ಬಾಯಿಂದ ಆ ಮಾತಿಗಾಗಿ ಕಾದಿದ್ದ ಮನುಷ್ಯ ನಿಂತಲ್ಲೇ ನಿಂತರು. ತುಟಿ ಅಲುಗಿಸಿದರು, ತಲೆ ಕೆರೆದುಕೊಂಡರು. "ಒಂದೂ ನೆನಪಿಗೆ ಬರ್ತಿಲ್ವಲ್ಲೇ!"

ಬೇರೆ ದಾರಿ ಕಾಣದೆ ನಾನೇ ಏನೋ ಗುನುಗಿದೆ. ಅದಕ್ಕೆ ರಾಗವೂ ಇರಲಿಲ್ಲ, ತಾಳವೂ ಇರಲಿಲ್ಲ, ಚಿನ್ನಸ್ವಾಮಿಯದ್ದೂ ಅಲ್ಲ, ರೇಡಿಯೋದ್ದೂ ಅಲ್ಲ. ನನಗೇ ನಾಚಿಕೆಯಾಗುವಷ್ಟು ಕೆಟ್ಟದಾಗಿತ್ತು. ನನ್ನ ಸೀರೆಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೇಲಿಯ ತಿರುವಿನಲ್ಲಿ ಪಕ್ಕಕ್ಕೆ ನೋಡಿದೆ. ನಮ್ಮವರು ತಮ್ಮ ಬಲಗೈಯನ್ನು ಮುಖದ ಹತ್ತಿರ ಹಿಡಿದು ನಡೆಯುತ್ತಿದ್ದರು. ಅಂಗಿಯ ಆ ತೋಳಿನ ತುದಿಯಲ್ಲಿ ಚುಕ್ಕಿಗಳೆಲ್ಲ ಅಳಿಸಿ, ನಾನು ಹೆಸರು ಹೇಳಲಾರದ ಒಂದು ಬಣ್ಣ ಮೂಡಿತ್ತು, ಹಾಗಲ ಹೂವಿನ ಹಳದಿಗೆ ಹತ್ತಿರದ್ದು.

"ನಿಲ್ಲಿಸ್ಬೇಡ," ಎಂದರು. ಅಷ್ಟರಲ್ಲಿ ಎದುರಿನಿಂದ ಆಚಾರ್ರು ಕೊಡೆ ಊರಿಕೊಂಡು ಬರುವುದು ಕಂಡಿತು. ನಮ್ಮವರು ಸರಕ್ಕನೆ ಆ ಕೈಯನ್ನು ಪ್ಯಾಂಟಿನ ಜೇಬಿನೊಳಗೆ ಮುಚ್ಚಿಟ್ಟುಕೊಂಡು, ನನ್ನನ್ನು ಬೇಲಿಯ ಹಿಂದಕ್ಕೆ ಎಳೆದರು.